ಡಬ್ಲ್ಯೂಇಸಿ 2024 ಸೀಸನ್: ಎಲ್ರೂ ಪದೇ ಪದೇ ಕೇಳೋ ಪ್ರಶ್ನೆಗಳು, ಕೊನೇಲಿ ನಮ್ಮಮ್ಮ ಕೇಳಿದ್ದು ಒಂದು

ಪ್ರತಿ ಸಲ ಲೆ ಮಾನ್, ಅಂದ್ರೆ ಫ್ರಾನ್ಸಲ್ಲಿ ನಡೆಯೋ 24 ಗಂಟೆ ಕಾರ್ ರೇಸ್, ಬಂದಾಗ ನಾನು ವಾಟ್ಸಾಪ್ ಸ್ಟೇಟಸ್ ಹಾಕ್ತೀನಿ, ಹಾಕಿದ ಹತ್ತೇ ನಿಮಿಷಕ್ಕೆ ಫ್ರೆಂಡ್ಸು, ಕಸಿನ್ಸು, ಆಫೀಸಿನೋರು ಎಲ್ಲಾ ಅದೇ ಪ್ರಶ್ನೆಗಳನ್ನ ಕೇಳ್ತಾರೆ. ಇದು ಎಫ್1ಆ? ಯಾರು ಮುಂದೆ ಇದಾರೆ? ಇನ್ನೂ ಮುಗಿದಿಲ್ವಾ? ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಟೈಪ್ ಮಾಡಿ ಮಾಡಿ ಬೆರಳು ನೋವು ಬಂತು. ಅದಕ್ಕೇ ಎಲ್ಲಾ ಒಂದೇ ಕಡೆ ಬರೆದಿಟ್ಟಿದೀನಿ, ಇನ್ಮೇಲೆ ಯಾರಾದ್ರೂ ಕೇಳಿದ್ರೆ ಇದನ್ನೇ ಕಳಿಸ್ತೀನಿ.

ಡಬ್ಲ್ಯೂಇಸಿ ಅಂದ್ರೆ ಏನು? ಎಫ್1 ತರಾನೇನಾ?

ವರ್ಲ್ಡ್ ಎಂಡ್ಯೂರೆನ್ಸ್ ಚಾಂಪಿಯನ್‌ಶಿಪ್. ಎಂಡ್ಯೂರೆನ್ಸ್ ಅಂದ್ರೆ ತಾಳ್ಕೊಳ್ಳೋದು ಅಷ್ಟೇ. ಎಫ್1ಲ್ಲಿ ಒಬ್ಬ ಡ್ರೈವರ್ ಒಂದೂವರೆ ಗಂಟೆ ಓಡ್ಸಿ ಇಳಿದು ಮನೆಗೆ ಹೋಗ್ತಾನೆ. ಇಲ್ಲಿ ಕಮ್ಮಿ ಅಂದ್ರೂ ಆರು ಗಂಟೆ, ಲೆ ಮಾನ್‌ನಲ್ಲಿ 24 ಗಂಟೆ, ಒಂದೇ ಕಾರನ್ನ ಎರಡು ಮೂರು ಜನ ಸರದಿ ಮೇಲೆ ಓಡಿಸ್ತಾರೆ. 2012ರಲ್ಲಿ ಶುರುವಾಗಿದ್ದು. ನಡೆಸೋರು ಜಗತ್ತಿನ ಮೋಟಾರ್ ರೇಸ್ ನೋಡ್ಕೊಳ್ಳೋ ಸಂಸ್ಥೆ ಎಫ್‌ಐಎ ಮತ್ತೆ ಲೆ ಮಾನ್ ರೇಸ್ ನಡೆಸೋ ಎಸಿಒ ಅನ್ನೋ ಫ್ರೆಂಚ್ ಕ್ಲಬ್. ಚಾಂಪಿಯನ್‌ಶಿಪ್ ಹೊಸದು, ಆದ್ರೆ ಲೆ ಮಾನ್ ರೇಸು 1923ರಿಂದ ಇದೆ, ಎಫ್1 ಚಾಂಪಿಯನ್‌ಶಿಪ್ ಹುಟ್ಟೋಕೆ ಮುಂಚೆ.

ಎಲ್ಲಾ ಬಿಟ್ಟು 2024ರ ಸೀಸನ್ನೇ ಯಾಕೆ ಹಿಡ್ಕೊಂಡಿದ್ದೀಯಾ?

2023 ಲೆ ಮಾನ್‌ಗೆ ನೂರು ವರ್ಷ ಆದ ವರ್ಷ, ಫೆರಾರಿ 50 ವರ್ಷ ಆದ್ಮೇಲೆ ಟಾಪ್ ಕ್ಲಾಸಿಗೆ (ಅತಿ ವೇಗದ ಕಾರುಗಳ ಗುಂಪು) ವಾಪಸ್ ಬಂದು ಮೊದಲ ಪ್ರಯತ್ನದಲ್ಲೇ ಗೆದ್ದಿತ್ತು, 1965ರ ಮೇಲೆ ಅದೇ ಮೊದಲು. ಅದು ಸಿನಿಮಾ ಥರ ಇತ್ತು ನಿಜ. ಆದ್ರೆ ಸೀಸನ್ ಪೂರ್ತಿ ನೋಡಿದ್ರೆ 2024 ಬೇರೆ ಲೆವೆಲ್. ಟಾಪ್ ಕ್ಲಾಸಲ್ಲಿ ಒಂಬತ್ತು ಕಂಪನಿ: ಟೊಯೋಟಾ, ಪೋರ್ಷೆ, ಫೆರಾರಿ, ಕ್ಯಾಡಿಲಾಕ್, ಪ್ಯೂಜೋ, ಬಿಎಂಡಬ್ಲ್ಯೂ, ಆಲ್ಪೀನ್, ಲ್ಯಾಂಬೋರ್ಗಿನಿ, ಆಮೇಲೆ ಐಸೊಟ್ಟಾ ಫ್ರಾಸ್ಕಿನಿ ಅಂತ ಒಂದು ಹಳೇ ಇಟಾಲಿಯನ್ ಹೆಸರು (ಪಾಪ ಇವರು ಸೀಸನ್ ಮಧ್ಯದಲ್ಲೇ ಗಂಟುಮೂಟೆ ಕಟ್ಟಿದ್ರು). ಮತ್ತೆ ಈ ಸೀಸನ್ನಲ್ಲಿ ಜಗಳ ತೀರ್ಮಾನ ಆಗಿದ್ದೆಲ್ಲಾ ಸಣ್ಣ ಸಣ್ಣ ವಿಷಯದಲ್ಲಿ. ಒಂದು ಡೋರು, ಒಂದು ತೊಟ್ಟು ಪೆಟ್ರೋಲು, ಎರಡು ಪಾಯಿಂಟು. ಕೋಟಿಗಟ್ಟಲೆ ದುಡ್ಡು ಸುರಿದು ಕೊನೆಗೆ ಮನೆ ಬಾಗಿಲು ಹಾಕಿದ್ವೋ ಇಲ್ವೋ ಅನ್ನೋ ಲೆವೆಲ್ಲಿಗೆ ಬಂದು ನಿಲ್ಲುತ್ತಲ್ಲ, ನಂಗೆ ಹುಚ್ಚು ಹಿಡಿಸಿದ್ದು ಅದೇ.

ಎಷ್ಟು ರೇಸು, ಎಲ್ಲೆಲ್ಲಿ?

ಎಂಟು. ಮಾರ್ಚಲ್ಲಿ ಕತಾರ್, ಏಪ್ರಿಲಲ್ಲಿ ಇಟಲಿಯ ಇಮೋಲಾ, ಮೇನಲ್ಲಿ ಬೆಲ್ಜಿಯಂನ ಸ್ಪಾ, ಜೂನ್ 15-16 ಲೆ ಮಾನ್, ಜುಲೈನಲ್ಲಿ ಬ್ರೆಜಿಲ್‌ನ ಸಾವೊ ಪೌಲೊ, ಸೆಪ್ಟೆಂಬರಲ್ಲಿ ಎರಡು: ಅಮೆರಿಕದ ಆಸ್ಟಿನ್ ಮತ್ತು ಜಪಾನಿನ ಫುಜಿ. ನವೆಂಬರ್ 2ಕ್ಕೆ ಬಹ್ರೇನ್‌ನಲ್ಲಿ ಮಂಗಳ. ಬಹ್ರೇನ್ 8 ಗಂಟೆ, ಲೆ ಮಾನ್ 24, ಕತಾರ್ ಒಂದು ಬಿಟ್ಟು ಉಳಿದಿದ್ದೆಲ್ಲಾ 6 ಗಂಟೆ.

ಕತಾರ್‌ದು 1812 ಕಿಲೋಮೀಟರ್ ಅಂತೆ, ಅದ್ಯಾವ ಲೆಕ್ಕ?

ಲೆಕ್ಕ ಗಿಕ್ಕ ಏನಿಲ್ಲ ಮಾರಾಯ್ರೆ. ಡಿಸೆಂಬರ್ 18 ಕತಾರ್‌ನ ರಾಷ್ಟ್ರೀಯ ದಿನ, 18-12, ಅದನ್ನೇ ಕಿಲೋಮೀಟರ್ ಮಾಡಿಟ್ಟಿದಾರೆ. 335 ಸುತ್ತು, ಹೆಚ್ಚುಕಮ್ಮಿ ಹತ್ತು ಗಂಟೆ. ಆ ರೇಸಲ್ಲಿ ಪೋರ್ಷೆ ಒಂದು-ಎರಡು-ಮೂರು ಹೊಡೀತು, 6ನೇ ನಂಬರ್ ಕಾರ್ ಫಸ್ಟು. ನಂಗೆ ನೆನಪಿರೋದು ಮಾತ್ರ 93ನೇ ನಂಬರ್ ಪ್ಯೂಜೋ. ಹತ್ತು ಗಂಟೆ ಓಡಿ ಎರಡನೇ ಸ್ಥಾನ ಗ್ಯಾರಂಟಿ ಅನ್ನೋವಾಗ ಕೊನೇ ಸುತ್ತುಗಳಲ್ಲಿ ಇಂಧನ ಖಾಲಿ. ಮನೆ ಗೇಟ್ ಮುಂದೆ ಬಂದು ಸ್ಕೂಟರ್ ನಿಂತ ಹಾಗೆ.

ಟಿವಿಯಲ್ಲಿ ನೋಡಿದ್ರೆ ಯಾರು ಮುಂದೆ ಯಾರು ಹಿಂದೆ ಅಂತಾನೇ ಗೊತ್ತಾಗಲ್ಲ, ಯಾಕೆ?

ಯಾಕಂದ್ರೆ ಒಂದೇ ಟ್ರ್ಯಾಕಲ್ಲಿ ಒಂದೇ ಟೈಮಲ್ಲಿ ಎರಡು ರೇಸ್ ನಡೀತಿರುತ್ತೆ. ಒಂದು ಹೈಪರ್‌ಕಾರ್, ಅಂದ್ರೆ ಬಾಹ್ಯಾಕಾಶ ನೌಕೆ ಥರ ಕಾಣೋ ಪ್ರೊಟೊಟೈಪ್‌ಗಳು, ರೇಸಿಗೆ ಅಂತಾನೇ ಮಾಡಿದ್ದು. ಇನ್ನೊಂದು ಎಲ್‌ಎಂಜಿಟಿ3, ಇವು ಶೋರೂಮಲ್ಲಿ ಸಿಗೋ ಪೋರ್ಷೆ 911, ಫೆರಾರಿ, ಮಸ್ಟಾಂಗ್, ಕಾರ್ವೆಟ್ ಇಂಥ ಕಾರುಗಳ ರೇಸಿಂಗ್ ಅವತಾರ. 2024ರಲ್ಲೇ ಈ ಕ್ಲಾಸು ಮೊದಲ ಸಲ ಬಂದಿದ್ದು, ಒಂಬತ್ತು ಕಂಪನಿ ತಲಾ ಎರಡು ಕಾರು, 18. ಹೈಪರ್‌ಕಾರ್ 19. ಲೆ ಮಾನ್‌ಗೆ ಮಾತ್ರ ಎಲ್‌ಎಂಪಿ2 ಅಂತ ಮಧ್ಯದ ಕ್ಲಾಸ್ ಒಂದು ಸೇರ್ಕೊಂಡು ಒಟ್ಟು 62 ಕಾರು.

ಲೆ ಮಾನ್‌ನಲ್ಲಿ ಹೈಪರ್‌ಕಾರಿಗೂ ಜಿಟಿ3ಗೂ ಒಂದು ಸುತ್ತಿಗೆ ಸುಮಾರು ಅರ್ಧ ನಿಮಿಷ ವ್ಯತ್ಯಾಸ. ಅಂದ್ರೆ ವೇಗದ ಕಾರು ದಿನವಿಡೀ ನಿಧಾನದ ಕಾರುಗಳನ್ನ ದಾಟ್ತಾನೇ ಇರ್ಬೇಕು. ಮಳೆಗಾಲದ ರಾತ್ರಿ ಶಿರಾಡಿ ಘಾಟಲ್ಲಿ ಲಾರಿ ಸಾಲನ್ನ ಓವರ್‌ಟೇಕ್ ಮಾಡಿದೋರಿಗೆ ಇದರ ಕಷ್ಟ ಅರ್ಥ ಆಗುತ್ತೆ, ಇವರು ಅದನ್ನ 300ರ ಸ್ಪೀಡಲ್ಲಿ ಮಾಡ್ತಾರೆ ಅಷ್ಟೇ. ಹೊಸಬರಿಗೆ ನನ್ನ ಸಲಹೆ: ಮೊದಲ ರೇಸಲ್ಲಿ ಎಲ್ಲಾ ನೋಡೋಕೆ ಹೋಗ್ಬೇಡಿ. ಒಂದೇ ಒಂದು ಕಾರು ಹಿಡ್ಕೊಳ್ಳಿ, ಅದರ ಬಣ್ಣ ನಂಬರ್ ನೆನಪಿಟ್ಕೊಳ್ಳಿ, ಅದು ಎಲ್ಲಿದೆ ಅಂತ ಮಾತ್ರ ನೋಡ್ತಾ ಇರಿ. ಮೂರು ಗಂಟೆ ಆದ್ಮೇಲೆ ಉಳಿದಿದ್ದೆಲ್ಲಾ ತಾನಾಗೇ ತಲೆಗೆ ಹತ್ತುತ್ತೆ.

ಹೈಪರ್‌ಕಾರಲ್ಲೇ ಎಲ್‌ಎಂಎಚ್ ಅಂತಾರೆ, ಎಲ್‌ಎಂಡಿಎಚ್ ಅಂತಾರೆ, ತಲೆ ಕೆಡುತ್ತೆ

ಕೆಡಿಸ್ಕೋಬೇಡಿ. ಎಲ್‌ಎಂಎಚ್ ಅಂದ್ರೆ ಕಂಪನಿ ತಾನೇ ಪೂರ್ತಿ ಕಾರು ಮಾಡೋದು: ಟೊಯೋಟಾ, ಫೆರಾರಿ, ಪ್ಯೂಜೋ. ಎಲ್‌ಎಂಡಿಎಚ್ ಅಂದ್ರೆ ಚಾಸಿ ನಾಲ್ಕು ಕಂಪನಿಗಳ ಪೈಕಿ ಒಂದರಿಂದ ತಗೋಬೇಕು, ಹೈಬ್ರಿಡ್ ಸಿಸ್ಟಮ್ ಎಲ್ಲರಿಗೂ ಒಂದೇ, ಎಂಜಿನ್ ಮತ್ತೆ ಮೈಕಟ್ಟು ಮಾತ್ರ ತಮ್ದು, 2024ರಲ್ಲಿ ಇವರು: ಪೋರ್ಷೆ, ಕ್ಯಾಡಿಲಾಕ್, ಬಿಎಂಡಬ್ಲ್ಯೂ, ಆಲ್ಪೀನ್, ಲ್ಯಾಂಬೋರ್ಗಿನಿ. ಒಂದು ಮನೇಲೇ ರುಬ್ಬಿದ ಹಿಟ್ಟು, ಇನ್ನೊಂದು ಪ್ಯಾಕೆಟ್ ಹಿಟ್ಟು, ದೋಸೆ ಎರಡೂ ಚೆನ್ನಾಗೇ ಬರುತ್ತೆ.

ಹಂಗಾದ್ರೆ ಎರಡನ್ನೂ ಒಟ್ಟಿಗೆ ಓಡಿಸೋದು ಅನ್ಯಾಯ ಅಲ್ವಾ?

ಅದಕ್ಕೇ ಬಿಒಪಿ ಇರೋದು, ಬ್ಯಾಲೆನ್ಸ್ ಆಫ್ ಪರ್ಫಾರ್ಮೆನ್ಸ್. ಯಾವ ಕಾರು ಜಾಸ್ತಿ ಸ್ಪೀಡೋ ಅದಕ್ಕೆ ಸ್ವಲ್ಪ ತೂಕ ಸೇರ್ಸು, ಪವರ್ ಕಮ್ಮಿ ಮಾಡು, ನಿಧಾನದ್ದಕ್ಕೆ ಸ್ವಲ್ಪ ಬಿಟ್ಕೊಡು. ಸಮ ಮಾಡೋದು. ಕೇಳೋಕೆ ಚೆನ್ನಾಗಿದೆ, ಆದ್ರೆ ಪ್ರತಿ ರೇಸ್ ಮುಂಚೆ ಬಿಒಪಿ ಟೇಬಲ್ ಬಂತು ಅಂದ್ರೆ ಫ್ಯಾನ್‌ಗಳ ಮಧ್ಯೆ ಯುದ್ಧ ಶುರು, ಆಸ್ತಿ ಪಾಲು ಮಾಡೋವಾಗ ಎಲ್ಲರಿಗೂ ತನಗೇ ಮೋಸ ಆಯ್ತು ಅನ್ಸುತ್ತಲ್ಲ ಹಾಗೆ. ತಮಾಷೆ ಏನಂದ್ರೆ ಟೀಮ್‌ನೋರು ಬಿಒಪಿ ಬಗ್ಗೆ ಹೊರಗಡೆ ಮಾತಾಡೋ ಹಾಗಿಲ್ಲ, ರೂಲ್ಸಲ್ಲೇ ಇದೆ. ಅದಕ್ಕೆ ಇಂಟರ್‌ವ್ಯೂನಲ್ಲಿ ಡ್ರೈವರ್‌ಗಳು ಹಲ್ಲು ಕಚ್ಚಿಕೊಂಡು "ಇವತ್ತು ನಮ್ಮ ಹತ್ರ ಸ್ಪೀಡ್ ಇರ್ಲಿಲ್ಲ" ಅಂತ ಮಾತ್ರ ಹೇಳಿ ನಗ್ತಾರೆ. ನನ್ನ ಅಭಿಪ್ರಾಯ ಕೇಳಿದ್ರೆ, ಬಿಒಪಿ ಇಲ್ದಿದ್ರೆ ಒಂಬತ್ತು ಕಂಪನಿ ಬರ್ತಾನೇ ಇರ್ಲಿಲ್ಲ, ಸೋ ಬೈಕೊಂಡೇ ಒಪ್ಕೋಬೇಕು.

ಒಬ್ಬ ಡ್ರೈವರ್ ಎಷ್ಟು ಹೊತ್ತು ಓಡಿಸ್ತಾನೆ? ಉಳಿದೋರು ಏನ್ಮಾಡ್ತಾರೆ?

ಲೆ ಮಾನ್‌ನಲ್ಲಿ ಒಬ್ಬ ಒಟ್ಟು 14 ಗಂಟೆ ದಾಟೋ ಹಾಗಿಲ್ಲ, ಮತ್ತೆ ಯಾವುದೇ ಆರು ಗಂಟೆ ತಗೊಂಡ್ರೂ ಅದರಲ್ಲಿ ನಾಲ್ಕಕ್ಕಿಂತ ಜಾಸ್ತಿ ಇರ್ಬಾರ್ದು. ಉಳಿದೋರು ತಿಂತಾರೆ, ಮಲಗ್ತಾರೆ, ಮಲಗೋಕೆ ಟ್ರೈ ಮಾಡ್ತಾರೆ. ಎಲ್‌ಎಂಜಿಟಿ3ಯಲ್ಲಿ ಇನ್ನೊಂದು ಮಜಾ ಇದೆ, ಪ್ರತಿ ಕಾರಲ್ಲೂ ಒಬ್ಬ ಬ್ರಾಂಜ್ ಡ್ರೈವರ್ ಇರ್ಲೇಬೇಕು, ಅಂದ್ರೆ ಹೆಚ್ಚಾಗಿ ಹೊಟ್ಟೆಪಾಡಿಗೆ ರೇಸ್ ಓಡಿಸದೇ ಇರೋ, ಸ್ವಂತ ಬಿಸಿನೆಸ್ ಗಿಸಿನೆಸ್ ಇರೋ ಶ್ರೀಮಂತ. ಪ್ರೊಫೆಷನಲ್ ಒಬ್ಬ ಎಷ್ಟೇ ಲೀಡ್ ತೆಗೆದುಕೊಟ್ರೂ ಬ್ರಾಂಜ್ ಸಾಹೇಬ್ರು ಒಂದು ಸಲ ಟ್ರ್ಯಾಕ್ ಪಕ್ಕದ ಜಲ್ಲಿಗೆ ಕಾರ್ ಇಳಿಸಿದ್ರೆ ಮುಗೀತು. ಅದಕ್ಕೇ ಆ ಕ್ಲಾಸಲ್ಲಿ ಗೆಲ್ಲಿಸೋದು ಒಳ್ಳೇ ಬ್ರಾಂಜ್.

ಪಿಟ್‌ಸ್ಟಾಪ್ ಯಾಕಪ್ಪಾ ಇಷ್ಟು ನಿಧಾನ? ಎಫ್1ಲ್ಲಿ ಎರಡೂವರೆ ಸೆಕೆಂಡಲ್ಲಿ ಮುಗಿಸ್ತಾರೆ

ಪಿಟ್‌ಸ್ಟಾಪ್ ಅಂದ್ರೆ ರೇಸ್ ಮಧ್ಯೆ ಟೀಮಿನ ಗ್ಯಾರೇಜ್ ಮುಂದೆ ಕಾರ್ ನಿಲ್ಲಿಸೋದು. ಎಫ್1ಲ್ಲಿ ಆಗ ಪೆಟ್ರೋಲ್ ಹಾಕಲ್ಲ. ಇಲ್ಲಿ ಹಾಕ್ತಾರೆ, ಹಾಕೋವಾಗ ಟೈರ್ ಮುಟ್ಟೋ ಹಾಗಿಲ್ಲ. ಪೈಪ್ ತೆಗೆದ ಮೇಲೇ ಟೈರ್. ಡ್ರೈವರ್ ಬದಲಾವಣೆ ಮಾತ್ರ ಪೆಟ್ರೋಲ್ ಹೋಗ್ತಿರೋವಾಗ್ಲೇ ಮಾಡ್ಬಹುದು, ಇಳಿಯೋನು ಬೆಲ್ಟ್ ಬಿಚ್ಚಿ ಹಾರ್ತಾನೆ, ಹತ್ತೋನು ಒಳಗೆ ತೂರ್ತಾನೆ, ಇಳಿದವನೇ ಬಗ್ಗಿ ಬೆಲ್ಟ್ ಹಾಕೋಕೆ ಸಹಾಯ ಮಾಡ್ತಾನೆ. ಬೆವರಿ ಒದ್ದೆಯಾದ ಸೀಟಲ್ಲಿ ಇನ್ನೊಬ್ಬ ಕೂರೋದು, ಯಾರೂ ಇದರ ಬಗ್ಗೆ ಹೇಳಲ್ಲ ಆದ್ರೆ ನಂಗೆ ಪ್ರತಿ ಸಲ ಅದೇ ತಲೇಲಿ ಬರುತ್ತೆ.

ಮತ್ತೆ "ವರ್ಚುವಲ್ ಎನರ್ಜಿ" ಅಂತ ಒಂದು ಪರ್ಸೆಂಟ್ ಟಿವಿಯಲ್ಲಿ ತೋರಿಸ್ತಾರಲ್ಲ, ಅದನ್ನ ಪ್ರೀಪೇಯ್ಡ್ ಬ್ಯಾಲೆನ್ಸ್ ಅಂದ್ಕೊಳ್ಳಿ. ಒಂದು ಸಲ ಪಿಟ್ಟಿಗೆ ಬಂದು ಹೋದ್ರೆ ಮುಂದಿನ ಸಲದವರೆಗೆ ಇಷ್ಟೇ ಶಕ್ತಿ ಬಳಸ್ಬೇಕು ಅಂತ ಮಿತಿ, ಚಕ್ರಕ್ಕೆ ಹೋಗೋ ಟಾರ್ಕನ್ನ ಸೆನ್ಸರ್ ಅಳೀತಾ ಇರುತ್ತೆ. ಟ್ಯಾಂಕಲ್ಲಿ ಪೆಟ್ರೋಲ್ ಇದ್ರೂ ಬ್ಯಾಲೆನ್ಸ್ ಸೊನ್ನೆ ಆದ್ರೆ ಪೆನಾಲ್ಟಿ. ಈ ಪರ್ಸೆಂಟ್ ನೆನಪಿಟ್ಕೊಳ್ಳಿ, ಕೆಳಗೆ ಬೇಕಾಗುತ್ತೆ.

ಅದು ಲೆ ಮಾನ್ಸಾ, ಲೆ ಮಾನಾ?

ಕೊನೇ "ಸ" ಫ್ರೆಂಚರು ಹೇಳಲ್ಲ. ನೀವು ಹೇಳಿದ್ರೂ ಯಾರೂ ಜೈಲಿಗೆ ಹಾಕಲ್ಲ.

2024ರ ಲೆ ಮಾನ್‌ನಲ್ಲಿ ಆ ಡೋರ್ ಕತೆ ಏನು?

ಇದನ್ನ ಸ್ವಲ್ಪ ನಿಧಾನವಾಗಿ ಹೇಳ್ತೀನಿ.

ಟ್ರ್ಯಾಕ್ 13.626 ಕಿಲೋಮೀಟರ್, ಅರ್ಧಕ್ಕಿಂತ ಜಾಸ್ತಿ ಮಾಮೂಲಿ ದಿನ ಜನ ಓಡಾಡೋ ರಸ್ತೆ. ಶನಿವಾರ ಅಲ್ಲಿ ಸಂಜೆ ನಾಲ್ಕಕ್ಕೆ, ನಮಗೆ ಏಳೂವರೆಗೆ ಶುರು. ಬಾವುಟ ಬೀಸಿದ್ದು ಫುಟ್‌ಬಾಲ್‌ನ ಜಿನೆದಿನ್ ಜಿದಾನ್. ಶುರುವಾದ ಮೇಲೆ ಮಳೆ ಬರೋದು ಹೋಗೋದು, ಸ್ಲಿಕ್ (ಒಣ ಟ್ರ್ಯಾಕಿನ ನುಣ್ಣನೆ ಟೈರ್) ಹಾಕ್ಬೇಕಾ ವೆಟ್ (ಮಳೆ ಟೈರ್) ಹಾಕ್ಬೇಕಾ ಅಂತ ಎಲ್ಲರೂ ಜೂಜಾಡೋದು. ಸಂಜೆ ಹೊತ್ತಿಗೆ ಕುಬಿತ್ಸಾ ಓಡಿಸ್ತಿದ್ದ ಹಳದಿ ಫೆರಾರಿ, 83ನೇ ನಂಬರು, ಒಂದು ಬಿಎಂಡಬ್ಲ್ಯೂಗೆ ತಗುಲಿ ಅದು ತಡೆಗೋಡೆಗೆ ಹೋಯ್ತು, ಕುಬಿತ್ಸಾಗೆ 30 ಸೆಕೆಂಡ್ ಪೆನಾಲ್ಟಿ.

ರಾತ್ರಿ ಕಳೆದು ಬೆಳಗಿನ ಜಾವಕ್ಕೆ ಮಳೆ ಜೋರಾಗಿ ಸೇಫ್ಟಿ ಕಾರ್ ಬಂತು, ಅಂದ್ರೆ ಎಲ್ಲರೂ ಅದರ ಹಿಂದೆ ಸಾಲಾಗಿ ನಿಧಾನವಾಗಿ ಹೋಗ್ಬೇಕು. ಬಂದಿದ್ದು ಹೋಗ್ಲೇ ಇಲ್ಲ, ನಾಲ್ಕು ಗಂಟೆಗೂ ಜಾಸ್ತಿ. ನಮಗಿಲ್ಲಿ ಭಾನುವಾರ ಬೆಳಿಗ್ಗೆ. ನಾನು ಎದ್ದು ನೋಡ್ತೀನಿ ಸೇಫ್ಟಿ ಕಾರ್. ಹಲ್ಲುಜ್ಜಿ ಬಂದೆ ಸೇಫ್ಟಿ ಕಾರ್. ನೀರ್ದೋಸೆ ತಿಂದು, ಮೀನು ತರೋಕೆ ಹೋಗಿ, ವಾಪಸ್ ಬಂದೆ, ಇನ್ನೂ ಅದೇ ಸೇಫ್ಟಿ ಕಾರ್, ಹಿಂದೆ ಕೆಂಪು ಲೈಟ್ ಮಿಣುಕಿಸ್ಕೊಂಡು ಕಾರುಗಳು ಮೆರವಣಿಗೆ ಹೋಗ್ತಾ ಇವೆ. ಇದಕ್ಕೆ ತುಂಬಾ ಜನ ಬೈದ್ರು. ಆದ್ರೆ ಆ ರಸ್ತೇಲಿ ನೀರು ನಿಂತಿದ್ದನ್ನ ನೋಡಿದ್ರೆ ಬಿಡೋದು ಹೆಂಗೆ ಹೇಳಿ.

ಮೆರವಣಿಗೆ ಮುಗಿದ ಮೇಲೆ ಶುರುವಾಯ್ತು ನೋಡಿ ಅಸಲಿ ರೇಸು. ಎಲ್ಲಾ ಕಾರುಗಳು ಹತ್ರ ಹತ್ರ. 24 ಗಂಟೆ ಮುಗಿಯೋವಾಗ ಒಂಬತ್ತು ಕಾರು ಒಂದೇ ಲ್ಯಾಪಲ್ಲಿ ಇದ್ವು ಅಂದ್ರೆ ಲೆಕ್ಕ ಹಾಕ್ಕೊಳ್ಳಿ. ಮುಂದೆ 50ನೇ ನಂಬರ್ ಫೆರಾರಿ, ಫುವೊಕೊ, ಮೊಲೀನಾ, ನೀಲ್ಸನ್ ಮೂವರದ್ದು. ಬೆನ್ನ ಹಿಂದೆ ಟೊಯೋಟಾ 7. ಈ ಟೊಯೋಟಾದ್ದೇ ಒಂದು ದೊಡ್ಡ ಕತೆ. ಮೈಕ್ ಕಾನ್ವೇ ರೇಸಿಗೆ ಸ್ವಲ್ಪ ಮುಂಚೆ ಸೈಕಲ್‌ನಿಂದ ಬಿದ್ದು ಮೂಳೆ ಮುರ್ಕೊಂಡ, ಅವನ ಬದಲು ಲೋಪೆಸ್‌ನ ಕರೆಸಿದ್ರು. ಕ್ವಾಲಿಫೈಯಿಂಗ್‌ನಲ್ಲಿ (ಯಾರು ಯಾವ ಜಾಗದಿಂದ ಹೊರಡ್ಬೇಕು ಅಂತ ತೀರ್ಮಾನಿಸೋ ಓಟ) ಕೊಬಯಾಶಿ ಟ್ರ್ಯಾಕ್ ಬಿಟ್ಟು ಹೋಗಿ ರೆಡ್ ಫ್ಲಾಗ್ (ಎಲ್ಲರ ಓಟ ನಿಲ್ಲಿಸೋ ಬಾವುಟ) ತರಿಸಿದ್ದಕ್ಕೆ ಟೈಮೆಲ್ಲಾ ಡಿಲೀಟು, ಹೈಪರ್‌ಕಾರ್ ಸಾಲಲ್ಲಿ ಕೊನೇ ಜಾಗ, 23ನೇದು. ಅಲ್ಲಿಂದ ಎರಡನೇ ಸ್ಥಾನಕ್ಕೆ ಬಂದಿದ್ದಾರೆ.

ಎರಡು ಗಂಟೆಗಿಂತ ಸ್ವಲ್ಪ ಕಮ್ಮಿ ಬಾಕಿ ಇದೆ. ಇಲ್ಲಿ ಸಂಜೆ ಕಾಫಿ ಟೈಮು. ನಮ್ಮಮ್ಮ ಲೋಟ ಹಿಡ್ಕೊಂಡು ಬಂದು ಟಿವಿ ನೋಡಿ "ಎಂತ ಮಾರಾಯ ಅದು, ಬಾಗಿಲು ತೆಕ್ಕೊಂಡೇ ಹೋಗ್ತಾ ಉಂಟಲ್ಲ" ಅಂದ್ರು. ನೋಡಿದ್ರೆ ಹೌದು! ಲೀಡಲ್ಲಿರೋ ಫೆರಾರಿ ಡೋರ್ ಸರಿಯಾಗಿ ಕೂತಿಲ್ಲ, ಗಾಳಿಗೆ ಪಟಪಟ ಅಂತ ಬಡ್ಕೊಳ್ತಾ ಇದೆ. ಒಳಗೆ ನೀಲ್ಸನ್. ಸ್ವಲ್ಪ ಹೊತ್ತಿಗೆ ಕಪ್ಪು-ಕಿತ್ತಳೆ ಬಾವುಟ, ಅಂದ್ರೆ ಪಿಟ್ಟಿಗೆ ಬಂದು ರಿಪೇರಿ ಮಾಡಿಸ್ಕೋಲೇಬೇಕು. ಬಂದ, ಡೋರ್ ಹಾಕಿದ್ರು, ಬಂದಿದ್ದಕ್ಕೆ ಇಂಧನಾನೂ ತುಂಬಿಸ್ಕೊಂಡ, ಹೊರಟ. ಆದ್ರೆ ಪಿಟ್ ಲೆಕ್ಕಾಚಾರ ಎಲ್ಲಾ ತಲೆಕೆಳಗು. ಈಗ ಇನ್ನೊಂದೇ ಒಂದು ಸಲ ನಿಂತು ಕೊನೇವರೆಗೆ ಎಳೀಬೇಕು, ಎಲ್ಲೂ ವೇಸ್ಟ್ ಮಾಡೋ ಹಾಗಿಲ್ಲ, ನಿಧಾನವಾಗಿ ಹೋಗೋ ಹಾಗೂ ಇಲ್ಲ, ಹಿಂದೆ ಲೋಪೆಸ್ ಬರ್ತಾ ಇದ್ದಾನೆ, ಮೇಲಿಂದ ಮಳೆ ಬೇರೆ. ಲೋಪೆಸ್ ಒಂದು ಸಲ ಸ್ಪಿನ್ ಆಗಿ ಕೆಲವು ಸೆಕೆಂಡ್ ಕಳ್ಕೊಂಡ. ಆ ಸೆಕೆಂಡ್‌ಗಳು ಇವತ್ತಿಗೂ ಟೊಯೋಟಾದೋರ ಕನಸಲ್ಲಿ ಬರ್ತಿರ್ಬೇಕು.

ಬಾವುಟ ಬಿದ್ದಾಗ ಫೆರಾರಿ ಮುಂದೆ, 14.221 ಸೆಕೆಂಡ್. ವರ್ಚುವಲ್ ಎನರ್ಜಿ ಬ್ಯಾಲೆನ್ಸ್ 2 ಪರ್ಸೆಂಟು. 311 ಸುತ್ತು ಓಡಿ 2 ಪರ್ಸೆಂಟು! ಆ ಡೋರ್ ತೆರ್ಕೊಂಡಿದ್ದಕ್ಕೇ ಮುಂಚೆ ಪಿಟ್ಟಿಗೆ ಬರ್ಬೇಕಾಯ್ತು, ಅದೇ ಒಂಥರಾ ಅವರ ಸ್ಟ್ರಾಟಜಿ ಆಗೋಯ್ತು ಅಂತ ವಾದ ಮಾಡೋರೂ ಇದಾರೆ. ನಂಗೂ ಅರ್ಧ ಹಂಗೇ ಅನ್ಸುತ್ತೆ. ಮೂರನೇ ಸ್ಥಾನ ಇನ್ನೊಂದು ಫೆರಾರಿ 51ಕ್ಕೆ, ಅದು ಕೊನೇ ಗಂಟೆಗಳಲ್ಲಿ ಟೊಯೋಟಾ 8ಕ್ಕೆ ಗುದ್ದಿ ತಿರುಗಿಸಿ ಬರೀ 5 ಸೆಕೆಂಡ್ ಪೆನಾಲ್ಟಿ ತಗೊಂಡಿತ್ತು. ಟೊಯೋಟಾ ಫ್ಯಾನ್‌ಗಳ ಮುಂದೆ ಈ ವಿಷಯ ಎತ್ಬೇಡಿ.

ಸ್ಪಾ 6 ಗಂಟೆ ರೇಸು ರಾತ್ರಿವರೆಗೂ ನಡೀತಂತೆ?

ಹೌದು, ಅದು ಇನ್ನೊಂದು ಗಲಾಟೆ. ಇನ್ನೂ ಒಂದೂಮುಕ್ಕಾಲು ಗಂಟೆ ಹತ್ತಿರ ಬಾಕಿ ಇರೋವಾಗ ಕೆಮೆಲ್ ಸ್ಟ್ರೇಟಲ್ಲಿ ಬ್ಯಾಂಬರ್ ಓಡಿಸ್ತಿದ್ದ ಕ್ಯಾಡಿಲಾಕ್ ನಿಧಾನದ ಕಾರುಗಳ ಮಧ್ಯೆ ತೂರೋಕೆ ಹೋಗಿ ಒಂದು ಜಿಟಿ3 ಬಿಎಂಡಬ್ಲ್ಯೂಗೆ ತಗುಲಿ ಎರಡೂ ನುಚ್ಚುನೂರು. ಯಾರಿಗೂ ದೊಡ್ಡ ಏಟಾಗ್ಲಿಲ್ಲ ಸದ್ಯ. ತಡೆಗೋಡೆ ರಿಪೇರಿಗೇ ರೇಸಿನ ಟೈಮೆಲ್ಲಾ ಹೋಯ್ತು. ಸಾಮಾನ್ಯವಾಗಿ ಅಲ್ಲಿಗೆ ಮಂಗಳ ಹಾಡ್ತಾರೆ. ಇವರು ಉಳಿದ ಟೈಮನ್ನ ಸೇರಿಸಿ ಮತ್ತೆ ಓಡಿಸಿದ್ರು. ರೆಡ್ ಫ್ಲಾಗ್ ಬೀಳೋಕೆ ಮುಂಚೆ ಪಿಟ್‌ಸ್ಟಾಪ್ ಮುಗಿಸಿದ್ದ ಜೋಟಾ ಟೀಮಿನ 12ನೇ ಪೋರ್ಷೆಗೆ ಲಾಟರಿ ಹೊಡೀತು. ಕಂಪನಿಯ ಸ್ವಂತದ್ದಲ್ಲದ ಖಾಸಗಿ ಟೀಮ್ ಒಂದು ಹೈಪರ್‌ಕಾರಲ್ಲಿ ರೇಸ್ ಗೆದ್ದಿದ್ದು ಅದೇ ಮೊದಲು. ಅದೂ ಇಬ್ಬರೇ ಡ್ರೈವರು, ಐಲಟ್ ಮತ್ತೆ ಸ್ಟೀವನ್ಸ್. ಮೂರನೆಯವನು ನಾರ್ಮನ್ ನಾಟೊ ಆ ವಾರ ಬರ್ಲಿನ್‌ನಲ್ಲಿ ಫಾರ್ಮುಲಾ ಇ (ಎಲೆಕ್ಟ್ರಿಕ್ ಕಾರ್ ರೇಸ್) ಓಡಿಸ್ತಿದ್ದ. ಪಾಪ.

ಮೊದಲು ಮುಂದಿದ್ದ ಫೆರಾರಿಯೋರು ಸಿಟ್ಟಾಗಿ ಪ್ರತಿಭಟನೆ ಸಲ್ಲಿಸಿದ್ರು, ಅದನ್ನ ತಳ್ಳಿಹಾಕಿದ್ರು.

ಫೆರಾರಿ ತಮ್ಮೂರಲ್ಲೇ ಸೋತಿದ್ದು ಯಾಕೆ?

ಇಮೋಲಾ ಕೇಳ್ತಿದೀರಾ? ಕ್ವಾಲಿಫೈಯಿಂಗ್‌ನಲ್ಲಿ ಮೊದಲ ಮೂರೂ ಜಾಗ ಫೆರಾರಿದೇ. ರೇಸ್ ಮಧ್ಯೆ ಮಳೆ ಬಂತು, ಉಳಿದೋರು ವೆಟ್ ಟೈರ್ ಹಾಕಿದ್ರು, ಇವರು "ಈಗ ನಿಲ್ಲುತ್ತೆ ಈಗ ನಿಲ್ಲುತ್ತೆ" ಅಂತ ಸ್ಲಿಕ್‌ನಲ್ಲೇ ಕೂತ್ರು. ನಿಲ್ಲಲಿಲ್ಲ. ಕೊಡೆ ತಗೊಂಡು ಹೋಗೋ ಅಂದ್ರೆ ಕೇಳದೇ ಹೋದೋರ ಕತೆ. ಟೊಯೋಟಾ 7 ಗೆದ್ದಿತು, ಕೊನೇಲಿ ಕೊಬಯಾಶಿ ಹಿಂದೆ ಪೋರ್ಷೆ ಬಿಡದೇ ಅಂಟ್ಕೊಂಡಿತ್ತು.

ಕೊನೆಗೆ ಚಾಂಪಿಯನ್ ಯಾರು? ಒಬ್ರು ಪೋರ್ಷೆ ಅಂತಾರೆ ಒಬ್ರು ಟೊಯೋಟಾ ಅಂತಾರೆ

ಇಬ್ರೂ ಸರಿ. ಡ್ರೈವರ್ ಚಾಂಪಿಯನ್ ಪೋರ್ಷೆ 6ನೇ ಕಾರಿನ ಎಸ್ತ್ರ್, ಲೊಟ್ಟರರ್, ಲಾರೆನ್ಸ್ ವಾಂಥೋರ್. ಕತಾರ್ ಮತ್ತೆ ಫುಜಿ ಗೆದ್ರು, ಉಳಿದ ಕಡೆ ಸುಮ್ನೆ ಪಾಯಿಂಟ್ ಗುಡ್ಡೆ ಹಾಕಿದ್ರು. ಲೊಟ್ಟರರ್ 2012ರಲ್ಲಿ ಈ ಚಾಂಪಿಯನ್‌ಶಿಪ್ ಶುರುವಾದ ವರ್ಷಾನೇ ಗೆದ್ದೋನು, 12 ವರ್ಷ ಆದ್ಮೇಲೆ ಮತ್ತೆ ಗೆದ್ದ.

ಕಂಪನಿ ಚಾಂಪಿಯನ್‌ಶಿಪ್ ಮಾತ್ರ ಬೇರೆ ಲೆಕ್ಕ. ಪ್ರತಿ ರೇಸಲ್ಲಿ ಆ ಕಂಪನಿಯ ಸ್ವಂತ ಟೀಮಲ್ಲಿ ಯಾವ ಕಾರು ಮುಂದೆ ಬಂತೋ ಅದರ ಪಾಯಿಂಟ್ ಮಾತ್ರ. ಗೆದ್ದೋರಿಗೆ 6 ಗಂಟೆ ರೇಸಲ್ಲಿ 25, ಕತಾರ್ ಬಹ್ರೇನ್‌ನಲ್ಲಿ 38, ಲೆ ಮಾನ್‌ನಲ್ಲಿ 50. ಖಾಸಗಿ ಟೀಮಿನ ಕಾರು ಇದಕ್ಕೆ ಸೇರಲ್ಲ. ಕೊನೇ ರೇಸಿಗೆ ಬರೋವಾಗ ಪೋರ್ಷೆ ಮುಂದೆ. ಬಹ್ರೇನ್‌ನಲ್ಲಿ ಟೊಯೋಟಾ 7 ಫ್ಯೂಯೆಲ್ ಪಂಪ್ ಕೆಟ್ಟು ಮನೆಗೆ ಹೋಯ್ತು, ಉಳಿದಿದ್ದು 8 ಒಂದೇ, ಬುಯೆಮಿ, ಹಾರ್ಟ್ಲಿ, ಹಿರಕಾವಾ. ಕೊನೇ ಹಂತದಲ್ಲಿ ಬುಯೆಮಿ ಒಂದೊಂದೇ ಕಾರು ದಾಟ್ಕೊಂಡು ಬಂದು ಗೆದ್ದೇ ಬಿಟ್ಟ. ಟೊಯೋಟಾ 190, ಪೋರ್ಷೆ 188. ಎಂಟು ರೇಸು, ಎಂಟು ತಿಂಗಳು, ಎರಡು ಪಾಯಿಂಟು.

ಮನಾಮದಲ್ಲಿರೋ ನಮ್ಮ ಭಾವ ಆ ದಿನ ಸಾಖೀರ್ ಟ್ರ್ಯಾಕಲ್ಲೇ ಇದ್ರು. ಬಹ್ರೇನಲ್ಲಿ ಮಂಗಳೂರು ಉಡುಪಿ ಕಡೆಯೋರಿಗೇನು ಕಮ್ಮಿ ಇಲ್ವಲ್ಲ. ನಾನಿಲ್ಲಿ ಮಧ್ಯರಾತ್ರಿ ಹನ್ನೆರಡು ದಾಟಿದ ಮೇಲೆ ಫೋನ್ ಮಾಡಿ "ಹೆಂಗಿತ್ತು ಭಾವ" ಅಂದ್ರೆ "ಚಳಿ ಇತ್ತು ಮಾರಾಯ, ಸ್ವೆಟರ್ ತರ್ಬೇಕಿತ್ತು" ಅಂದ್ರು. ಎರಡು ಪಾಯಿಂಟ್ ವಿಷಯ ಅವರಿಗೆ ಗೊತ್ತೇ ಇರ್ಲಿಲ್ಲ.

ವ್ಯಾಲೆಂಟಿನೋ ರೊಸ್ಸಿ ಇದ್ನಂತೆ, ಬೈಕಿನೋನು?

ಅವನೇ. 46ನೇ ನಂಬರ್ ಬಿಎಂಡಬ್ಲ್ಯೂ, ಎಲ್‌ಎಂಜಿಟಿ3. ಇಮೋಲಾದಲ್ಲಿ ಕ್ಲಾಸಲ್ಲಿ ಎರಡನೇ ಸ್ಥಾನ ಬಂದ, ಲೆ ಮಾನ್‌ನಲ್ಲಿ ರಾತ್ರಿ ಮಳೇಲಿ ಟೀಮ್‌ಮೇಟ್ ಕೈಲಿ ಕಾರ್ ಗುದ್ದಿ ಮುಗೀತು. ಅದೇ ಕ್ಲಾಸಲ್ಲಿ ಐರನ್ ಡೇಮ್ಸ್ ಅಂತ ಪೂರ್ತಿ ಹೆಣ್ಮಕ್ಕಳ ಟೀಮ್ ಇತ್ತು, ಗುಲಾಬಿ ಬಣ್ಣದ ಲ್ಯಾಂಬೋರ್ಗಿನಿ. ಅವರು 2023ರ ಬಹ್ರೇನ್‌ನಲ್ಲಿ ಪೋರ್ಷೆಯಲ್ಲಿ ಕ್ಲಾಸ್ ಗೆದ್ದಿದ್ರು. ನನ್ನ ತಂಗಿ ಮಗಳು ಆ ಕಾರ್ ಬಂದಾಗ ಮಾತ್ರ ಟಿವಿ ಮುಂದೆ ಬರ್ತಿದ್ಲು. 2024ರಲ್ಲಿ ಕ್ಲಾಸ್ ಚಾಂಪಿಯನ್ ಆಗಿದ್ದು ಮಾಂಟೈ ಟೀಮಿನ 92ನೇ ಪೋರ್ಷೆ.

ನಮ್ಮೋರು ಯಾರಾದ್ರೂ ಓಡ್ಸಿದಾರಾ?

2024ರ ಪೂರ್ತಿ ಸೀಸನ್ ಪಟ್ಟಿಯಲ್ಲಿ ಇಲ್ಲ. ಆದ್ರೆ ಲೆ ಮಾನ್‌ನಲ್ಲಿ ಓಡಿಸಿದೋರು ಇದಾರೆ. ಕರುಣ್ ಚಂದೋಕ್ 2012ರಲ್ಲಿ ಓಡ್ಸಿ ಒಟ್ಟಾರೆ ಆರನೇ ಸ್ಥಾನ, ಲೆ ಮಾನ್‌ನಲ್ಲಿ ರೇಸ್ ಮಾಡಿದ ಮೊದಲ ಭಾರತೀಯ. ಅದಕ್ಕೂ ಮುಂಚೆ 2009ರಲ್ಲಿ ನರೇನ್ ಕಾರ್ತಿಕೇಯನ್ ಆಡಿಯಲ್ಲಿ ಓಡಿಸ್ಬೇಕಿತ್ತು, ಎಲ್ಲಾ ರೆಡಿ, ರೇಸ್ ಶುರುವಾಗೋಕೆ ಮುಂಚೆ ಪಿಟ್ ಗೋಡೆಯಿಂದ ಬಿದ್ದು ಭುಜ ಜಾರ್ತು. ಕಾರಲ್ಲಿ ಕೂತು 300ರಲ್ಲಿ ಹೋಗೋನು ಗೋಡೆಯಿಂದ ಬಿದ್ದು ಔಟು, ಹಣೆಬರಹ.

ಮತ್ತೆ ನಮ್ಮ ಬೆಂಗಳೂರಿನ ಹುಡುಗ ಅರ್ಜುನ್ ಮೈನಿ, 2019ರಲ್ಲಿ ಎಲ್‌ಎಂಪಿ2 ಕ್ಲಾಸಲ್ಲಿ ಲೆ ಮಾನ್ ಓಡಿಸಿದ್ದ. ಆಗ ಅವನ ಜೊತೆ ಕಾರ್ ಹಂಚ್ಕೊಂಡಿದ್ದು ಯಾರು ಗೊತ್ತಾ, ಮೇಲೆ ಸ್ಪಾದಲ್ಲಿ ಮಿಸ್ ಆದ ಅದೇ ನಾರ್ಮನ್ ನಾಟೊ. 2021ರಲ್ಲಿ ಏಷ್ಯನ್ ಲೆ ಮಾನ್ ಸೀರೀಸಲ್ಲಿ ಕಾರ್ತಿಕೇಯನ್, ಅರ್ಜುನ್ ಮೈನಿ, ನವೀನ್ ರಾವ್ ಮೂವರೂ ಸೇರಿ ಪೂರ್ತಿ ಭಾರತೀಯರ ಟೀಮಲ್ಲಿ ಓಡಿಸಿದ್ರು.

ಟೊಯೋಟಾ ರೇಸ್ ಕಾರ್‌ಗೂ ಬಿಡದಿಗೂ ಏನಾದ್ರೂ ಸಂಬಂಧ?

ಇಲ್ಲ. ಬಿಡದಿಯಲ್ಲಿ ಇನ್ನೋವಾ ಮಾಡ್ತಾರೆ, ರೇಸ್ ಟೀಮ್ ಇರೋದು ಜರ್ಮನಿಯ ಕಲೋನ್‌ನಲ್ಲಿ. ಆದ್ರೂ ನನ್ನ ಫ್ರೆಂಡ್ ಒಬ್ಬ ಬಿಡದಿ ಫ್ಯಾಕ್ಟರಿ ಮುಂದೆ ಮೈಸೂರಿಗೆ ಹೋಗೋವಾಗ ಪ್ರತಿ ಸಲ ಹಾರ್ನ್ ಹೊಡೀತಾನೆ, ಅಭಿಮಾನ.

ನೋಡೋದು ಹೆಂಗೆ, ನಿದ್ದೆ ಹೆಂಗೆ?

ಅಧಿಕೃತ ಆ್ಯಪ್ ಇದೆ, ದುಡ್ಡು ಕೊಡ್ಬೇಕು. ದುಡ್ಡು ಬೇಡ ಅಂದ್ರೆ ರೇಡಿಯೋ ಲೆ ಮಾನ್ ಅಂತ ಇಂಗ್ಲಿಷ್ ಕಾಮೆಂಟರಿ ಫ್ರೀ, ಕಿವಿಗೆ ಹಾಕ್ಕೊಂಡು ಅಡುಗೆ ಮಾಡ್ಬಹುದು. ಫುಜಿ ನಮಗೆ ಬೆಳಿಗ್ಗೆ ಏಳೂವರೆಗೆ ಶುರು, ಆರಾಮ. ಬಹ್ರೇನ್ ಸಂಜೆ. ಬ್ರೆಜಿಲ್ ಅಮೆರಿಕಾ ಅಂದ್ರೆ ರಾತ್ರಿ ಜಾಗರಣೆ.

ಲೆ ಮಾನ್‌ಗೆ ಪೂರ್ತಿ ಎದ್ದಿರ್ತೀನಿ ಅಂತ ಹಠ ಮಾಡ್ಬೇಡಿ, ನಾನು ಮಾಡಿ ಸೋಮವಾರದ ಮೀಟಿಂಗಲ್ಲಿ ಗೊರಕೆ ಹೊಡೆದಿದೀನಿ. ಊರಲ್ಲಿ ಯಕ್ಷಗಾನ ಆಟಕ್ಕೆ ಹೋದೋರು ಏನ್ಮಾಡ್ತಾರೆ? ಚಾಪೆ ಹಾಸ್ಕೊಂಡು ಮಲಗ್ತಾರೆ, ಚೆಂಡೆ ಜೋರಾದಾಗ ಎದ್ದು ಮಹಿಷಾಸುರನ ಪ್ರವೇಶ ನೋಡ್ತಾರೆ, ಮತ್ತೆ ಮಲಗ್ತಾರೆ. ಇದೂ ಹಂಗೇ. ಮೊದಲ ಮೂರು ಗಂಟೆ ನೋಡಿ, ಕತ್ತಲಾದಾಗ ಬ್ರೇಕ್ ಡಿಸ್ಕ್ ಕೆಂಪಗೆ ಉರಿಯೋದನ್ನ ಸ್ವಲ್ಪ ನೋಡಿ, ಮಲಗಿ, ಭಾನುವಾರ ಮಧ್ಯಾಹ್ನ ಊಟ ಆದ್ಮೇಲೆ ಬಂದು ಕೂತ್ರೆ ಎದ್ದು ಹೋಗ್ಬೇಡಿ.

ನಮ್ಮಮ್ಮನ ಪ್ರಶ್ನೆ: ಅಷ್ಟು ಓಡಿ ಎಲ್ಲಿಗೆ ಹೋಗಿ ಮುಟ್ಟಿದ್ರು?

ಹೊರಟ ಜಾಗಕ್ಕೇ ಅಮ್ಮ. 311 ಸುತ್ತು ಅಂದ್ರೆ ನಾಲ್ಕು ಸಾವಿರದ ಇನ್ನೂರು ಕಿಲೋಮೀಟರ್ ಮೇಲೆ, ಬೆಂಗಳೂರಿಂದ ದಿಲ್ಲಿಗೆ ಹೋಗಿ ವಾಪಸ್ ಬಂದಷ್ಟು ಅಂದೆ. "ಅಷ್ಟೂ ಪೆಟ್ರೋಲ್ ದಂಡ" ಅಂದ್ರು. ಅದು ಭೂಮಿಯಿಂದ ತೆಗೆದ ಪೆಟ್ರೋಲ್ ಅಲ್ಲಮ್ಮ, 2022ರಿಂದ ಇವರು ಬಳಸೋದು ವೈನ್ ಮಾಡಿದ ಮೇಲೆ ಉಳಿಯೋ ದ್ರಾಕ್ಷಿ ಕಸದಿಂದ ಮಾಡಿದ ಇಂಧನ ಅಂತ ವಿವರಿಸಿದೆ. ಅಮ್ಮ ಕಾಫಿ ಲೋಟ ಎತ್ಕೊಂಡು ಒಳಗೆ ಹೋಗ್ತಾ "ಹಾಗೆ ಹೇಳು ಮತ್ತೆ, ಕುಡಿದಿದ್ದು ಡ್ರೈವರಲ್ಲ, ಕಾರು. ಅದಕ್ಕೇ ಬಾಗಿಲು ಹಾಕ್ಕೊಳ್ಳೋಕೂ ಗೊತ್ತಾಗ್ಲಿಲ್ಲ" ಅಂದ್ರು.